ಮಳೆಗಾಲದ ಮಲೆನಾಡಲ್ಲಿ ಸೈಕಲ್, ಟೆಂಟ್, ರಮ್: ಆ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಜೂನ್ ತಿಂಗಳ ಮೊದಲ ಮಳೆ ಬಿದ್ದ ಕೂಡಲೇ ಸೈಕ್ಲಿಂಗ್ ಗುಂಪುಗಳಲ್ಲಿ ಒಂದು ಉದ್ದನೆಯ ಸಂದೇಶ ತಿರುಗಲು ಶುರುವಾಗುತ್ತದೆ. ‘ಮಳೆಯಲ್ಲಿ ಮಲೆನಾಡು: ಸೈಕಲ್ ಕ್ಯಾಂಪಿಂಗ್‌ಗೆ ಹೋಗುವವರು ತಪ್ಪದೇ ಓದಿ’ ಎಂಬಂಥ ತಲೆಬರಹ, ನಾಲ್ಕು ಹಸಿರು ಎಲೆಯ ಇಮೋಜಿ. ಕೆಳಗೆ ಸಲಹೆಗಳ ಸರಮಾಲೆ. ಹಳ್ಳದ ಪಕ್ಕ ಟೆಂಟ್ ಹಾಕಿದರೆ ನೀರಿಗೆ ಪರದಾಡಬೇಕಿಲ್ಲ. ಚಳಿಯಾದರೆ ಎರಡು ಪೆಗ್ ರಮ್. ಮಳೆ ಜೋರಾದರೆ ಸ್ಟೌ ಟೆಂಟಿನ ಒಳಗೇ ಹಚ್ಚಿ, ಅಡುಗೆಯೂ ಆಯಿತು, ಬೆಚ್ಚಗೂ ಆಯಿತು. ಹಾವು ಬಾರದಂತೆ ಟೆಂಟಿನ ಸುತ್ತ ಉಪ್ಪು. ಸಿಡಿಲಿಗೆ ಹೆದರಬೇಡಿ, ಸೈಕಲ್‌ಗೆ ರಬ್ಬರ್ ಟೈರ್ ಇದೆ. ಇಂಬಳ ಕಿತ್ತರೆ ಹಲ್ಲು ಒಳಗೇ ಉಳಿದು ಕೀವಾಗುತ್ತದೆ. ಹರಿಯುವ ನೀರು ಶುದ್ಧ, ಧೈರ್ಯವಾಗಿ ಕುಡಿಯಿರಿ.

ಈ ವರ್ಷ ಇದು ನನಗೆ ಮೂರು ಕಡೆಯಿಂದ ಬಂತು. ಕಳುಹಿಸಿದವರಲ್ಲಿ ಒಬ್ಬರು ನನ್ನ ಸೋದರಮಾವ. ಅವರು ಸೈಕಲ್ ಹತ್ತಿ ಇಪ್ಪತ್ತು ವರ್ಷವಾಗಿದೆ, ಆದರೂ ‘ನಿನಗೆ ಉಪಯೋಗಕ್ಕೆ ಬರುತ್ತೆ’ ಎಂದು ಕಳುಹಿಸಿದ್ದರು. ಪ್ರೀತಿಯಿಂದ ಬಂದ ಸಂದೇಶವಾದ್ದರಿಂದಲೇ ಇದನ್ನು ಸುಮ್ಮನೆ ಅಳಿಸದೆ ಒಂದೊಂದಾಗಿ ನೋಡಬೇಕೆನಿಸಿತು. ಇದರಲ್ಲಿ ಕೆಲವು ಅರ್ಧ ನಿಜ, ಕೆಲವು ನಿರುಪದ್ರವಿ ನಂಬಿಕೆ. ಮೂರು ಮಾತ್ರ ಜೀವ ತೆಗೆಯುವಂಥವು: ಸ್ಟೌ, ರಮ್ ಮತ್ತು ಹಳ್ಳದ ಪಕ್ಕದ ಟೆಂಟ್. ಅವುಗಳಿಂದಲೇ ಶುರು ಮಾಡೋಣ.

ಟೆಂಟಿನ ಒಳಗೆ ಸ್ಟೌ ಹಚ್ಚಬಹುದೇ?

ಹಚ್ಚಬಾರದು. ‘ಸ್ವಲ್ಪ ಹೊತ್ತು’, ‘ಜಿಪ್ ತೆರೆದಿಟ್ಟು’ ಎಂಬ ವಿನಾಯಿತಿಗಳೂ ಇಲ್ಲಿ ಇಲ್ಲ.

ಗ್ಯಾಸ್, ಸೀಮೆಎಣ್ಣೆ, ಇದ್ದಿಲು, ಸೌದೆ ಯಾವುದೇ ಆಗಲಿ, ಸಾಕಷ್ಟು ಆಮ್ಲಜನಕ ಸಿಗದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ಸಾಗುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಈ ಅನಿಲದ ಮೇಲೆ 200 ಪಟ್ಟಿಗೂ ಹೆಚ್ಚು ಸೆಳೆತ. ಅಂದರೆ ಸ್ವಲ್ಪವೇ ಇದ್ದರೂ ಅದು ಆಮ್ಲಜನಕದ ಜಾಗವನ್ನು ಕಬಳಿಸಿ ಕೂರುತ್ತದೆ. ನೀವು ಉಸಿರಾಡುತ್ತಲೇ ಇರುತ್ತೀರಿ, ಮೆದುಳಿಗೆ ಮಾತ್ರ ಆಮ್ಲಜನಕ ತಲುಪುವುದಿಲ್ಲ.

ಮೊದಲು ತಲೆನೋವು, ನಂತರ ವಾಕರಿಕೆ, ತಲೆಸುತ್ತು, ಮಂಪರು. ಇಡೀ ದಿನ ಘಾಟಿಯಲ್ಲಿ ಸೈಕಲ್ ತುಳಿದವರಿಗೆ ಇದೆಲ್ಲ ಬರೀ ಸುಸ್ತು ಅನ್ನಿಸುತ್ತದೆ. ‘ಮಲಗಿದರೆ ಸರಿಹೋಗುತ್ತೆ’ ಎಂದು ಮಲಗುತ್ತಾರೆ. ಅಪಾಯ ಇರುವುದೇ ಅಲ್ಲಿ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲದಲ್ಲೂ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟುಕೊಂಡು ಮಲಗಿದ ಕುಟುಂಬಗಳ ಸಾವಿನ ಸುದ್ದಿ ಬರುತ್ತದೆ. ಟೆಂಟು ಕೋಣೆಗಿಂತ ಎಷ್ಟೋ ಚಿಕ್ಕದು, ಮಳೆಯಲ್ಲಿ ನೆಂದ ಬಟ್ಟೆ ಗಾಳಿಯನ್ನು ಇನ್ನಷ್ಟು ತಡೆಯುತ್ತದೆ. ಉರಿ ಆರಿಸಿದ ಮೇಲೆ ಉಳಿಯುವ ಕೆಂಡವೂ ಇದೇ ಅನಿಲವನ್ನು ಬಿಡುತ್ತಿರುತ್ತದೆ. ಟೆಂಟಿನಲ್ಲಿರುವ ಇಬ್ಬರಿಗೂ ಒಟ್ಟಿಗೇ ತಲೆನೋವು ಶುರುವಾದರೆ ಯೋಚಿಸುತ್ತ ಕೂರಬೇಡಿ, ಹೊರಗೆ ಬನ್ನಿ, ಮಳೆ ಸುರಿಯುತ್ತಿದ್ದರೂ ಸರಿ.

ಹಾಗಾದರೆ ಮಳೆಯಲ್ಲಿ ಅಡುಗೆ ಹೇಗೆ? ಎರಡು ಮರದ ನಡುವೆ ಹಗ್ಗ ಕಟ್ಟಿ ಅದರ ಮೇಲೆ ಟಾರ್ಪಾಲು ಹಾಕಿ, ನಾಲ್ಕೂ ಬದಿ ತೆರೆದಿರಲಿ, ಅದರ ಕೆಳಗೆ ಸ್ಟೌ. ಅದೂ ಆಗದಷ್ಟು ಮಳೆಯಿದ್ದರೆ ಆ ರಾತ್ರಿ ಚಿಕ್ಕಿ, ಖರ್ಜೂರ, ಅವಲಕ್ಕಿಗೆ ಮೊಸರೋ ಹಾಲಿನ ಪುಡಿಯೋ. ಸ್ಟೌ ಬೇಡದ ಒಂದು ಹೊತ್ತಿನ ಊಟ ಚೀಲದಲ್ಲಿ ಯಾವಾಗಲೂ ಇರಬೇಕು.

ರಮ್ ಕುಡಿದರೆ ಬೆಚ್ಚಗಾಗುತ್ತದಲ್ಲ?

ಬೆಚ್ಚಗಾದಂತೆ ಅನ್ನಿಸುತ್ತದೆ. ಅದು ಸುಳ್ಳಲ್ಲ, ಆದರೆ ಮೋಸ. ಮದ್ಯ ಚರ್ಮದ ಕೆಳಗಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ದೇಹದ ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುತ್ತದೆ, ಮುಖ ಕೆಂಪಾಗುತ್ತದೆ, ಚಳಿ ಹೋದ ಹಾಗೆ ಆಗುತ್ತದೆ. ಚರ್ಮಕ್ಕೆ ಬಂದ ಆ ಶಾಖ ಹೊರಗಿನ ತಂಪಿಗೆ ಹೋಗಿಬಿಡುತ್ತದೆ. ಒಳಗಿನ ಅಂಗಗಳು ಮೊದಲಿಗಿಂತ ಬೇಗ ತಣ್ಣಗಾಗುತ್ತವೆ. ದೇಹ ಶಾಖ ಹುಟ್ಟಿಸಿಕೊಳ್ಳುವ ದಾರಿಯಾದ ನಡುಕವನ್ನೂ ಮದ್ಯ ಕುಗ್ಗಿಸುತ್ತದೆ.

‘ನಮ್ಮ ಚಿಕ್ಕಮಗಳೂರಲ್ಲಿ ಎಲ್ಲಿಯ ಹಿಮ, ಎಲ್ಲಿಯ ಹೈಪೋಥರ್ಮಿಯಾ’ ಎಂದು ನಗಬಹುದು. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಅದಕ್ಕೆ ಹಿಮ ಬೇಕಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆಯುತ್ತದೆ. ಒದ್ದೆ ಬಟ್ಟೆ, ಬೀಸುವ ಗಾಳಿ, 15 ಡಿಗ್ರಿ, ಖಾಲಿ ಹೊಟ್ಟೆ. ಇವು ನಾಲ್ಕು ಸೇರಿದರೆ ಸಾಕು. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, 1,900 ಮೀಟರ್‌ಗೂ ಹೆಚ್ಚು. ಜುಲೈ ತಿಂಗಳ ಮಧ್ಯಾಹ್ನ ಅಲ್ಲಿ ಮಂಜಿನ ಜೊತೆ ಗಾಳಿ ಹೊಡೆಯುವಾಗ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ.

ಸೈಕಲ್ ಸವಾರರಿಗೆ ಇದರಲ್ಲಿ ಒಂದು ವಿಶೇಷ ತೊಂದರೆಯಿದೆ. ಏರು ಹತ್ತುವಾಗ ಬೆವರು ಸುರಿಯುತ್ತದೆ. ರೇನ್‌ಕೋಟ್ ಹಾಕಿದ್ದರೆ ಮಳೆ ಒಳಗೆ ಬರುವುದಿಲ್ಲ ಸರಿ, ಬೆವರೂ ಹೊರಗೆ ಹೋಗುವುದಿಲ್ಲ. ತುದಿ ಮುಟ್ಟುವಾಗ ಒಳಗಿನ ಬನಿಯನ್ ಹಿಂಡಿದರೆ ನೀರು. ಅಲ್ಲಿಂದ ಇಳಿಜಾರು. ತುಳಿಯುವ ಕೆಲಸವಿಲ್ಲ, ಶಾಖ ಹುಟ್ಟುವುದಿಲ್ಲ, ಗಂಟೆಗೆ 40 ಕಿ.ಮೀ. ವೇಗದ ಗಾಳಿ ಎದೆಗೆ. ಹತ್ತೇ ನಿಮಿಷದಲ್ಲಿ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ಎರಡು ವರ್ಷದ ಹಿಂದೆ ನನ್ನ ಜೊತೆಗಿದ್ದ ಗೆಳತಿ ಹೀಗೇ ಇಳಿದು ಬಂದು ತಿರುವಿನಲ್ಲಿ ಸೈಕಲ್ ನಿಲ್ಲಿಸಿದಳು. ‘ಏನಾಯ್ತೇ?’ ಎಂದರೆ ಉತ್ತರ ತೊದಲುತ್ತಿತ್ತು, ಹೆಲ್ಮೆಟ್‌ನ ಬಕಲ್ ಬಿಚ್ಚಲು ಬರುತ್ತಿರಲಿಲ್ಲ. ನಾವು ಅದನ್ನು ತಮಾಷೆ ಮಾಡಿದೆವು. ಮಾತು ತೊದಲುವುದು, ಕೈ ತಡವರಿಸುವುದು, ನಡೆಯುವಾಗ ಎಡವುವುದು, ಸಿಡಿಮಿಡಿ. ಇವು ಹೈಪೋಥರ್ಮಿಯಾದ ಮೊದಲ ಲಕ್ಷಣಗಳು ಎಂದು ನಾನು ಓದಿ ತಿಳಿದಿದ್ದು ಆಮೇಲೆ. ಪುಣ್ಯಕ್ಕೆ ಹತ್ತಿರದಲ್ಲಿ ಒಂದು ಚಹಾದ ಅಂಗಡಿಯಿತ್ತು, ಅಂಗಡಿಯಮ್ಮ ನಮಗಿಂತ ಬುದ್ಧಿವಂತೆ. ‘ಮೊದ್ಲು ಆ ಚಂಡಿ ಬಟ್ಟೆ ತೆಗೀರಿ’ ಎಂದು ಒಳಗೆ ಕರೆದುಕೊಂಡು ಹೋಗಿ ಕಂಬಳಿ ಕೊಟ್ಟರು.

ಅವರು ಮಾಡಿದ್ದೇ ಸರಿಯಾದ ಕ್ರಮ. ಒದ್ದೆ ಬಟ್ಟೆ ತೆಗೆದು, ಒರೆಸಿ, ಒಣ ಬಟ್ಟೆ ಹಾಕಿ ಕಂಬಳಿ ಅಥವಾ ಸ್ಲೀಪಿಂಗ್ ಬ್ಯಾಗ್ ಸುತ್ತಬೇಕು. ತಲೆಗೂ ಬಟ್ಟೆ. ಎಚ್ಚರವಿದ್ದು ನುಂಗಲು ಆಗುವುದಾದರೆ ಬಿಸಿ, ಸಿಹಿಯಾದ ಚಹಾ ಅಥವಾ ಕಷಾಯ. ಕೈಕಾಲನ್ನು ಗಸಗಸ ಉಜ್ಜಬೇಡಿ. ನಡುಗುತ್ತಿದ್ದವರ ನಡುಕ ದೇಹ ಬೆಚ್ಚಗಾಗದೆಯೇ ನಿಂತು ಮಂಪರು ಬಂದರೆ ಅದು ಸುಧಾರಣೆಯಲ್ಲ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕಾದ ಸ್ಥಿತಿ.

ಇದಕ್ಕೆ ತಯಾರಿ ತುಂಬ ಸರಳ, ಖರ್ಚೂ ಇಲ್ಲ. ಒಂದು ಜೊತೆ ಬಟ್ಟೆ, ಕಾಲುಚೀಲ ಸಮೇತ, ಎರಡು ಪ್ಲಾಸ್ಟಿಕ್ ಕವರಿನೊಳಗೆ ಗಂಟು ಹಾಕಿ ಇಡಿ. ಅದು ಮಲಗುವಾಗ ಮಾತ್ರ. ಮಾರನೇ ಬೆಳಗ್ಗೆ ಎಷ್ಟೇ ಕಿರಿಕಿರಿಯಾದರೂ ಅದೇ ಒದ್ದೆ ಬಟ್ಟೆ ಹಾಕಿ ಸೈಕಲ್ ಹತ್ತಬೇಕು. ಈ ಒಂದು ನಿಯಮ ಮುರಿಯಲು ಮನಸ್ಸು ಎಷ್ಟು ಎಳೆಯುತ್ತದೆಂದು ಬೆಳಗ್ಗೆ ಆರಕ್ಕೆ ಗೊತ್ತಾಗುತ್ತದೆ. ಸವಾರಿಗೆ ಹತ್ತಿಯ ಬನಿಯನ್, ಜೀನ್ಸ್ ಬೇಡ. ಹತ್ತಿ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಜೆರ್ಸಿ ಅಥವಾ ಉಣ್ಣೆ ವಾಸಿ. ಇಳಿಜಾರಿಗೆ ಮೊದಲು, ಚಳಿಯಾಗುವ ಮುಂಚೆಯೇ, ಗಾಳಿ ತಡೆಯುವ ಜಾಕೆಟ್ ಹಾಕಿಕೊಳ್ಳಿ.

ಹಳ್ಳದ ಪಕ್ಕ ಟೆಂಟ್ ಹಾಕಿದರೆ ಏನಾಗುತ್ತದೆ?

ಇಲ್ಲಿ ಒಂದು ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಚದರ ಕಿಲೋಮೀಟರ್ ಗುಡ್ಡದ ಮೇಲೆ 100 ಮಿ.ಮೀ. ಬಿದ್ದರೆ 10 ಕೋಟಿ ಲೀಟರ್. ಹತ್ತು ಸಾವಿರ ಲೀಟರಿನ ಹತ್ತು ಸಾವಿರ ಟ್ಯಾಂಕರ್‌ಗಳು. ಮಳೆಗಾಲದ ನಡುವೆ ಮಣ್ಣು ಆಗಲೇ ನೀರು ಕುಡಿದು ತುಂಬಿರುತ್ತದೆ. ಆದ್ದರಿಂದ ಇದರ ಹೆಚ್ಚಿನ ಪಾಲು ಇಳಿದು ಬರುವುದು ನೀವು ಟೆಂಟ್ ಹಾಕಿದ ಆ ಚೆಂದದ ಹಳ್ಳಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ, ಬೆಂಗಳೂರಿಗೆ ಸಾವಿರದ ಆಸುಪಾಸು. ಬೆಂಗಳೂರಿನ ಮಳೆಯ ಅಂದಾಜಿನಲ್ಲಿ ಘಟ್ಟದ ಹಳ್ಳವನ್ನು ಅಳೆಯಲಾಗದು.

‘ಮಳೆ ನಿಂತಿದೆ, ಭಯವಿಲ್ಲ’ ಎನ್ನುವುದೂ ಸರಿಯಲ್ಲ. ನಿಮ್ಮ ತಲೆಯ ಮೇಲೆ ನಿಂತಿರಬಹುದು, ಐದು ಕಿಲೋಮೀಟರ್ ಮೇಲೆ ಸುರಿಯುತ್ತಿರಬಹುದು. ಸಂಜೆ ಪಾದ ಮುಳುಗುವಷ್ಟಿದ್ದ ನೀರು ನಡುರಾತ್ರಿ ಸೊಂಟಕ್ಕೆ ಬರುವುದು ಅಲ್ಲಿನವರಿಗೆ ಅಚ್ಚರಿಯಲ್ಲ. ರಭಸದ ನೀರು ಆರು ಇಂಚು ಇದ್ದರೂ ದೊಡ್ಡವರ ಕಾಲು ತಪ್ಪಿಸಬಲ್ಲದು. ಸೈಕಲ್ ಹೆಗಲ ಮೇಲೆ ಹೊತ್ತು ಹಳ್ಳ ದಾಟುವ ವಿಡಿಯೋಗಳನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ. ತಿಳಿಯಾಗಿದ್ದ ನೀರು ಏಕಾಏಕಿ ಕೆಂಪಗೆ ಕದಡಿತು, ಎಲೆ ಕಡ್ಡಿ ತೇಲಿ ಬರತೊಡಗಿತು ಅಂದರೆ ಎದ್ದು ಮೇಲಕ್ಕೆ ಹೋಗಬೇಕು. ಹರಿಯುತ್ತಿದ್ದ ಹಳ್ಳ ಕಾರಣವಿಲ್ಲದೆ ಬತ್ತಿದರೂ ಅಷ್ಟೇ. ಮೇಲೆಲ್ಲೋ ಗುಡ್ಡ ಜಾರಿ ನೀರನ್ನು ಕಟ್ಟಿ ನಿಲ್ಲಿಸಿರಬಹುದು.

ಗುಡ್ಡ ಜಾರುವುದು ನಮಗೆ ಈಗ ಪತ್ರಿಕೆಯ ಸುದ್ದಿ ಮಾತ್ರವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಅದೇ ತಿಂಗಳ 30ರಂದು ವಯನಾಡು. ಹಾಗಾಗಿ ಟೆಂಟಿಗೆ ಜಾಗ ಹುಡುಕುವಾಗ ಹಳ್ಳದಂಚು ಬೇಡ, ರಸ್ತೆಗಾಗಿ ಗುಡ್ಡ ಕಡಿದ ಧರೆಯ ಬುಡವೂ ಬೇಡ, ಮರಗಳು ಒಂದೇ ಕಡೆ ವಾಲಿರುವ, ನೆಲ ಬಿರುಕು ಬಿಟ್ಟಿರುವ ಇಳಿಜಾರೂ ಬೇಡ. ಒಣಗಿದ ಕೊಂಬೆ ಇರುವ ಮರದಡಿ ಬೇಡವೆಂದು ಬೇರೆ ಹೇಳಬೇಕಿಲ್ಲ.

ಹೊರಡುವ ಮೊದಲು ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ನೋಡಿ. ಅದರಲ್ಲಿ ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ., ‘ಅತಿ ಭಾರಿ’ ಎಂದರೆ 115.6ರಿಂದ 204.4, ಅದಕ್ಕಿಂತ ಹೆಚ್ಚಾದರೆ ‘ಅತ್ಯಂತ ಭಾರಿ’. ಕೆಂಪು, ಕಿತ್ತಳೆ ಬಣ್ಣವಿದ್ದ ದಿನ ಪ್ರವಾಸ ಮುಂದೂಡಿ. ರಜೆ ಹಾಳಾಯಿತು ಎಂದು ಬೇಸರವಾಗುತ್ತದೆ, ಗೊತ್ತು. ಹಳದಿ ಇದ್ದರೆ ಟೆಂಟ್ ಬಿಟ್ಟು ಹೋಮ್‌ಸ್ಟೇ ನೋಡುವುದು ನನ್ನ ರೂಢಿ.

ಕಾಡಿನಲ್ಲಿ ಎಲ್ಲಿ ಬೇಕಾದರೂ ಮಲಗಬಹುದೇ?

ಫಾರ್ವರ್ಡ್ ಈ ಪ್ರಶ್ನೆಯನ್ನೇ ಎತ್ತುವುದಿಲ್ಲ. ಯೂಟ್ಯೂಬಿನಲ್ಲಿ ಸ್ಕಾಟ್ಲೆಂಡಿನ ಒದ್ದೆ ಬೆಟ್ಟಗಳಲ್ಲಿ ಒಬ್ಬಂಟಿಯಾಗಿ ಸೈಕಲ್ ನಿಲ್ಲಿಸಿ ಟೆಂಟ್ ಹಾಕುವ ಚೆಂದದ ವಿಡಿಯೋಗಳಿವೆ. ಅಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ನಡೆದುಕೊಳ್ಳುವವರಿಗೆ ಬಹುಪಾಲು ಬಯಲು ಜಾಗದಲ್ಲಿ ಓಡಾಡುವ, ರಾತ್ರಿ ತಂಗುವ ಹಕ್ಕು ಕೊಟ್ಟಿದೆ. ನಮ್ಮಲ್ಲಿ ಅಂಥ ಹಕ್ಕಿಲ್ಲ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಹೋಗುವುದು ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಿಗಿ. ಕುದುರೆಮುಖದ ಹುಲ್ಲುಗಾವಲಿನಲ್ಲಿ ರಾತ್ರಿ ಟೆಂಟ್ ಹಾಕಿದ ರೀಲ್ ನೋಡಿದರೆ ಅದು ಸಾಹಸವಲ್ಲ, ಕೇಸು. ಚಾರಣದ ದಾರಿಗಳಿಗೆ ಅರಣ್ಯ ಇಲಾಖೆ ಆನ್‌ಲೈನ್‌ನಲ್ಲಿ ಟಿಕೆಟ್ ಕೊಡುತ್ತದೆ. ಆ ಟಿಕೆಟ್ ಹಗಲು ನಡೆಯಲು ಎಂಬುದನ್ನು ಮರೆಯಬೇಡಿ, ಸೈಕಲ್ ಬಿಡುತ್ತಾರೆಯೇ ಎಂದು ಮೊದಲೇ ಕೇಳಿ.

ಕಾನೂನಿನ ಮಾತು ಹಾಗಿರಲಿ, ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ರಾತ್ರಿ ಆನೆಗಳು ಓಡಾಡುತ್ತವೆ. ಮಳೆಗಾಲದ ಮೊದಲ ತಿಂಗಳಲ್ಲಿ ಹಲಸಿನ ಹಣ್ಣಿನ ವಾಸನೆ ಇರುವ ಕಡೆ ಅವೂ ಇರುತ್ತವೆ. ತೆಳು ಬಟ್ಟೆಯ ಟೆಂಟಿನೊಳಗೆ ಮಲಗಿದವರಿಗೆ ಅದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಸುಲಭದ ದಾರಿ ಎಂದರೆ ಯಾರದಾದರೂ ತೋಟದ ಮನೆಯ ಅಂಗಳ. ಮಲೆನಾಡಿನಲ್ಲಿ ಹಗಲಿದ್ದಾಗಲೇ ಹೋಗಿ ‘ಅಂಗಳದಲ್ಲಿ ಒಂದು ರಾತ್ರಿ ಟೆಂಟ್ ಹಾಕಿಕೊಳ್ಳಬಹುದಾ ಅಣ್ಣ?’ ಎಂದು ಕೇಳಿದರೆ ಸಾಮಾನ್ಯವಾಗಿ ಜಗುಲಿಯೇ ಸಿಗುತ್ತದೆ, ಮೇಲೆ ಕಾಫಿ. ಆನೆ ಎಲ್ಲಿದೆ, ಯಾವ ಹಳ್ಳ ದಾಟಬಾರದು ಎಂಬ ಮಾಹಿತಿ ಯಾವ ಆ್ಯಪ್‌ಗಿಂತಲೂ ಅವರಲ್ಲಿ ತಾಜಾ.

ಹಗಲಿದ್ದಾಗಲೇ ಎಂದಿದ್ದಕ್ಕೆ ಕಾರಣವಿದೆ. ಒಣ ರಸ್ತೆಯಲ್ಲಿ ಸಾಮಾನು ಹೊತ್ತು ಗಂಟೆಗೆ 15 ಕಿ.ಮೀ. ಹೋಗುವವರು ಕೆಸರಿನ ತೋಟದ ದಾರಿಯಲ್ಲಿ ಆರೇಳು ಹೋದರೆ ಹೆಚ್ಚು, ಕೆಲವು ಕಡೆ ಸೈಕಲ್ಲನ್ನು ತಳ್ಳಲೇಬೇಕು. ಮೋಡ, ಮಂಜು, ಮರದ ನೆರಳು ಸೇರಿ ಸಂಜೆ ಆರಕ್ಕೇ ಕತ್ತಲು. ದಿನಕ್ಕೆ 30 ಕಿಲೋಮೀಟರ್‌ಗಿಂತ ಹೆಚ್ಚು ಹಾಕಿಕೊಳ್ಳಬೇಡಿ ಎನ್ನುವುದು ನನ್ನ ಲೆಕ್ಕ. ಟೈರಿನ ಗಾಳಿ ಸ್ವಲ್ಪ ಇಳಿಸಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಬ್ರೇಕ್ ಹಿಡಿಯಬೇಡಿ, ಅದಕ್ಕೂ ಮೊದಲೇ ವೇಗ ತಗ್ಗಿಸಿ. ರಿಮ್ ಬ್ರೇಕ್ ಇದ್ದರೆ ಒದ್ದೆಯಲ್ಲಿ ಅದು ತಡವಾಗಿ ಹಿಡಿಯುತ್ತದೆ, ಕೆಂಪು ಕೆಸರು ರಬ್ಬರನ್ನು ಅರಗಿನಂತೆ ಉಜ್ಜಿ ಸವೆಸುತ್ತದೆ. ಒಂದು ಜೊತೆ ಹೆಚ್ಚುವರಿ ಬ್ರೇಕ್ ರಬ್ಬರ್ ಒಯ್ಯಿರಿ. ಚೈನಿಗೆ ಡಬ್ಲ್ಯೂಡಿ-40 ಹೊಡೆದರೆ ಸಾಕು ಎನ್ನುವವರಿದ್ದಾರೆ. ಆ ಹೆಸರಿನ ಅರ್ಥವೇ ನೀರನ್ನು ಹೊರದಬ್ಬುವುದು. ಅದಕ್ಕೆ ಚೆನ್ನಾಗಿ ಬರುವ ಕೆಲಸ ಅದು. ಮಳೆಯಲ್ಲಿ ಉಳಿಯುವ ದಪ್ಪ ಚೈನ್ ಎಣ್ಣೆ ಬೇರೆಯೇ ಬೇಕು.

ಉಪ್ಪು, ರಬ್ಬರ್, ಇಂಬಳ

ಉಪ್ಪಿನ ಗೆರೆ ದಾಟಲು ಹಾವಿಗೆ ಏನೂ ಕಷ್ಟವಿಲ್ಲ. ಬೆಳ್ಳುಳ್ಳಿ, ಫಿನಾಯಿಲ್, ಬ್ಲೀಚಿಂಗ್ ಪೌಡರಿಗೂ ಇದೇ ಉತ್ತರ. ಟೆಂಟಿನ ಜಿಪ್ ಪೂರ್ತಿ ಮುಚ್ಚಿರುವುದು, ರಾತ್ರಿ ಟಾರ್ಚ್ ಇಲ್ಲದೆ ಕಾಲಿಡದಿರುವುದು, ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳುವುದು ಕೆಲಸ ಮಾಡುತ್ತವೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕೈಕಾಲು ಅಲುಗದಂತೆ ಇಟ್ಟು, 108ಕ್ಕೆ ಕರೆ ಮಾಡಿ, ಹಾವಿನ ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಬೇಕು.

ರಬ್ಬರ್ ಟೈರಿನ ಮಾತು ಕಾರಿನಿಂದ ಬಂದ ತಪ್ಪು ತಿಳಿವಳಿಕೆ. ಕಾರು ಸಿಡಿಲಿನಿಂದ ಕಾಪಾಡುವುದು ಟೈರಿನಿಂದಲ್ಲ. ಅದರ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಸಾಗಿಸುತ್ತದೆ. ಮೋಡದಿಂದ ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿ ಬಂದ ಸಿಡಿಲಿಗೆ ಎರಡಿಂಚು ರಬ್ಬರ್ ಲೆಕ್ಕಕ್ಕಿಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಬೋಳುಗುಡ್ಡದಿಂದ ಇಳಿದು ಗಟ್ಟಿ ಕಟ್ಟಡ ಅಥವಾ ಕಾರು ಸೇರಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಟೆಂಟು ರಕ್ಷಣೆಯಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಲಿನ ಸಿಡಿಲನ್ನು ತೋರಿಸುತ್ತದೆ, ಸಿಗ್ನಲ್ ಇದ್ದರೆ.

ಇಂಬಳದ ಬಗ್ಗೆ ಪಟ್ಟಣದವರಿಗೆ ಇರುವ ಭಯ ಅದರ ಯೋಗ್ಯತೆಗೆ ಮೀರಿದ್ದು. ಅದು ಬಿಡುವ ಹಿರುಡಿನ್ ಎಂಬ ವಸ್ತು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಹಾಗಾಗಿ ಇಂಬಳ ಬಿದ್ದ ಮೇಲೂ ಗಂಟೆಗಟ್ಟಲೆ ರಕ್ತ ಜಿನುಗಿ ಕಾಲುಚೀಲವೆಲ್ಲ ಕೆಂಪು. ನೋಡಲು ಭೀಕರ, ಹೋಗುವ ರಕ್ತ ಅಲ್ಪ. ಉಪ್ಪು, ಸುಣ್ಣ, ಹೊಗೆಸೊಪ್ಪು ಹಾಕಿದರೆ ಬಿಡುತ್ತದೆ ಎನ್ನುವುದು ನಿಜ. ಆದರೆ ಉಗುರಿನ ಅಂಚನ್ನು ಅದರ ಬಾಯಿಯ ಕೆಳಗೆ ಜಾರಿಸಿದರೂ ಬಿಡುತ್ತದೆ. ಕೀವಾಗುವುದು ಸಾಮಾನ್ಯವಾಗಿ ಹಲ್ಲು ಉಳಿದದ್ದರಿಂದಲ್ಲ, ಆಮೇಲೆ ಕೊಳಕು ಉಗುರಿನಲ್ಲಿ ಕೆರೆದದ್ದರಿಂದ. ಸೋಪು ನೀರಿನಲ್ಲಿ ತೊಳೆದು ಪಟ್ಟಿ ಕಟ್ಟಿ. ‘ಇಂಬಳದಿಂದ ಮಂಗನ ಕಾಯಿಲೆ ಬರುತ್ತೆ’ ಎಂಬ ಇನ್ನೊಂದು ಸಂದೇಶವೂ ಇದೆ, ಅದು ಸುಳ್ಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆ ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕದ ಒಣ ತಿಂಗಳುಗಳಲ್ಲಿ.

ಮಳೆಗಾಲದಲ್ಲಿ ನಿಜವಾಗಿ ಹೆದರಬೇಕಾದ್ದು ಕಾಣದ ಇನ್ನೊಂದಕ್ಕೆ. ಹರಿಯುವ ನೀರು ಶುದ್ಧ ಎನ್ನುವುದು ತಪ್ಪು. ಮೇಲೆ ದನ, ಮನುಷ್ಯ, ಕಾಡುಪ್ರಾಣಿ ಎಲ್ಲರ ಕೊಳೆಯನ್ನೂ ಮಳೆ ತೊಳೆದು ತರುತ್ತದೆ. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗಾಣು ಸಾಯುತ್ತವೆ. ಕಾಫಿ ತೋಟದ ಗೊಬ್ಬರ, ಔಷಧಿ ಮಾತ್ರ ಕುದಿಸಿದರೂ ಹೋಗುವುದಿಲ್ಲ, ಆದ್ದರಿಂದ ತೋಟದ ಕೆಳಗಿನ ತೋಡಿಗಿಂತ ಮನೆಯವರ ಬಾವಿಯ ನೀರು ಮೇಲು. ಇಲಿ ಮತ್ತು ಇತರ ಪ್ರಾಣಿಗಳ ಮೂತ್ರ ಸೇರಿದ ಕೆಸರು, ನೀರಿನಿಂದ ಬರುವ ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಕುಡಿಯದೆಯೂ ಬರುತ್ತದೆ. ತರಚಿದ ಮೊಣಕಾಲು, ಪೆಡಲ್ ತಾಗಿ ಕೆತ್ತಿದ ಮೀನಖಂಡ, ನೀರಿನಲ್ಲಿ ನೆಂದು ಒಡೆದ ಪಾದ ಇವೇ ಅದಕ್ಕೆ ಬಾಗಿಲು. ಗಾಯವನ್ನು ಜಲನಿರೋಧಕ ಪಟ್ಟಿಯಿಂದ ಮುಚ್ಚಿ, ಸಂಜೆ ಕಾಲು ತೊಳೆದು ಒಣಗಿಸಿ.

ಊರಿಗೆ ಬಂದ ಮೇಲೆ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದೊಳಗೆ, ಕೆಲವೊಮ್ಮೆ ತಿಂಗಳೊಳಗೆ ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಂಡರೆ ಪ್ಯಾರಾಸಿಟಮಾಲ್ ನುಂಗಿ ‘ಮಳೆಯಲ್ಲಿ ನೆಂದದ್ದಕ್ಕೆ’ ಎಂದು ಸುಮ್ಮನಿರಬೇಡಿ. ಬೇಗ ಗೊತ್ತಾದರೆ ಇಲಿಜ್ವರಕ್ಕೆ ಆ್ಯಂಟಿಬಯೋಟಿಕ್ ಚಿಕಿತ್ಸೆ ಇದೆ, ತಡವಾದರೆ ಕಿಡ್ನಿ, ಲಿವರ್‌ಗೆ ಹೊಡೆತ. ವೈದ್ಯರು ತಾವಾಗಿ ಸೈಕಲ್ ಸವಾರಿಯ ಬಗ್ಗೆ ಕೇಳುವುದಿಲ್ಲ. ಎರಡು ವಾರದ ಹಿಂದೆ ಮಲೆನಾಡಿನ ಕೆಸರಿನಲ್ಲಿದ್ದೆ, ಕಾಲಿಗೆ ಗಾಯವಿತ್ತು ಎಂದು ನೀವೇ ಹೇಳಬೇಕು.